ನಾನೂರ ಹನ್ನೊಂದು

ಎರಡು ದಿನಾರಿಗೆ ಒಂದು ಅರ್ಜಿ.
ಫರ್ವಾನಿಯಾದ ಈ ಕಚೇರಿಯೆದುರು
ಬಲದಿಂದ ಎಡಕ್ಕೆ ಹರಿಯುವ ಅಕ್ಷರಗಳಲ್ಲಿ
ಹದಿನೇಳು ವರ್ಷದಿಂದ
ಪರರ ಸಂಕಟ ಟೈಪು ಮಾಡುತ್ತೇನೆ.

ಕಾನೂನು ಇಲ್ಲಿ ಇಲ್ಲವೆಂದಲ್ಲ.
ಗೋಡೆಯ ಮೇಲೆ ಐದು ಭಾಷೆಗಳಲ್ಲಿದೆ,
ಗಾಜು ಹಾಕಿಸಿದ್ದಾರೆ, ದಿನಾ ಒರೆಸುತ್ತಾರೆ.
ಪಾಸ್‌ಪೋರ್ಟು ಕೆಲಸಗಾರನ ಬಳಿಯೇ ಇರಬೇಕು ಅನ್ನುತ್ತದೆ.
ಅದನ್ನು ಒರೆಸುವ ಹುಡುಗನ ಪಾಸ್‌ಪೋರ್ಟು
ಕಂಪನಿಯ ತಿಜೋರಿಯಲ್ಲಿದೆ.

ಮಂಗಳವಾರ ಲಚ್ಮಯ್ಯ ಖಾರ್ವಿ ಬಂದ,
ಉಪ್ಪುಂದದವನು, ಕ್ರೇನ್ ನಡೆಸುವವನು.
ಐದು ತಿಂಗಳ ಸಂಬಳ ಬಾಕಿ.
"ಗಟ್ಟಿ ಬರೀರಿ ಕಾಣಿ ಮಾರಾಯ್ರೆ" ಅಂದ,
ಅಕ್ಷರಕ್ಕೆ ತೋಳಿದೆಯೆಂಬಂತೆ.
ಬರೆದೆ. ಕಲಂ, ಉಪಕಲಂ, ತಾರೀಖು ಸಮೇತ.
ಠಸ್ಸೆ ಬಿತ್ತು. ಟೋಕನ್ ನಾನೂರ ಹನ್ನೆರಡು.

ಕ್ಯೂ ಅಲುಗಲಿಲ್ಲ.
ಪಕ್ಕದ ಬಾಗಿಲಿಗೆ ಮಾತ್ರ ಟೋಕನ್ನಿನ ಹಂಗಿಲ್ಲ;
ಅತ್ತರಿನ ಘಮ ಒಳಗೆ ಹೋಗುತ್ತದೆ,
ಮೂಗಿಗೆ ಮೂಗು ತಾಗುತ್ತದೆ,
ಏಲಕ್ಕಿ ಕಾಫಿ ಆರುವುದರೊಳಗೆ
ಕಡತಕ್ಕೆ ಕಾಲು ಮೂಡುತ್ತದೆ.

ಇದಕ್ಕೆ ಇಲ್ಲಿ ವಾಸ್ತಾ ಅನ್ನುತ್ತಾರೆ.
ಮೊದಮೊದಲು ನನಗದು 'ವಾಸ್ತವ' ಎಂದೇ ಕೇಳುತ್ತಿತ್ತು;
ಕಡೆಯ ಅಕ್ಷರ ನುಂಗಿದರು ಅಂದುಕೊಂಡೆ.
ತಪ್ಪೇನೂ ಕೇಳಿಸಿರಲಿಲ್ಲ.
ನಮ್ಮಲ್ಲಿ ವಶೀಲಿ ಅನ್ನುತ್ತೇವಲ್ಲ,
ಆ ಮಾತೂ ಈ ಕಡೆಯಿಂದಲೇ
ಖರ್ಜೂರದ ಚೀಲಗಳ ನಡುವೆ ಕೂತು
ಹಡಗಿನಲ್ಲಿ ಬಂದದ್ದಂತೆ,
ಸುಂಕ ಕಟ್ಟದೆ.

ಬುಧವಾರ ತಡೆಯಲಾಗಲಿಲ್ಲ.
ನನ್ನ ಈ ಕುರ್ಚಿಯೂ ಒಂದು ಫೋನಿನಿಂದ ಬಂದದ್ದು.
ಅದೇ ಅಬು ಮಿಶಾರಿಗೆ ಫೋನು ಹಚ್ಚಿದೆ.
ಅವನ ತಾಯಿಯ ಮಂಡಿನೋವು ವಿಚಾರಿಸಿದೆ,
ಗೋಡಂಬಿ ಎರಡು ಡಬ್ಬಿ ಕಳಿಸುತ್ತೇನೆಂದೆ,
ಕಡೆಗೆ, ಆಗಷ್ಟೇ ನೆನಪಾದಂತೆ,
ಖಾರ್ವಿಯ ಹೆಸರು.

ಭಾನುವಾರ ಮಧ್ಯಾಹ್ನ ದುಡ್ಡು ಬಂತು.
ಖಾರ್ವಿ ಕಾಲು ಮುಟ್ಟಲು ಬಗ್ಗಿದ.
"ಕಾನೂನ್ ಅಂದ್ರೆ ಈ ದೇಶದ್ದೇ ಕಾಣಿ"
ಎಂದು ಕಣ್ಣೊರೆಸಿಕೊಂಡ.
ನಾನು ತಿದ್ದಲಿಲ್ಲ.

ಕಚೇರಿ ಮುಚ್ಚುವ ಹೊತ್ತಿಗೆ ನಾನೂರ ಹನ್ನೊಂದು ಬಂದ,
ಜೋಖನ್ ಥಾರು, ನೇಪಾಳದವನು.
ಅದೇ ಕಂಪನಿ, ಏಳು ತಿಂಗಳು.
ಚೀಟಿ ಬೆವರಿಗೆ ಹತ್ತಿಯಾಗಿತ್ತು.
ಅರ್ಜಿಯಲ್ಲಿ ಏನಾದರೂ ತಪ್ಪಿತ್ತಾ ಎಂದು ಕೇಳಿದ.
ತೆಗೆದು ನೋಡಿದೆ. ನಾನೇ ಬರೆದದ್ದು.
ಒಂದು ಚುಕ್ಕಿಯೂ ತಪ್ಪಿರಲಿಲ್ಲ.

"ಇನ್ನೊಮ್ಮೆ ಬರೆಯೋಣ" ಅಂದೆ.
ಅವನು ಎರಡು ದಿನಾರು ಎಣಿಸಿ
ಮೇಜಿನ ಮೇಲಿಟ್ಟ.