ಹೇಂಟೆಯ ಸಂಸಾರ

ಬೈರಾ ಪಟ್ಟಣ, ಚಂಡಮಾರುತದ ಮೂರನೆಯ ದಿನ.
ಶಾಲೆಯ ಜಗಲಿಯಲ್ಲಿ ಜನರೇಟರಿಗೊಂದು ಕಿವಿ ಕೊಟ್ಟು
ಫೆಲಿಸ್ಮಿನಾ ಹುಡುಕುತ್ತಾಳೆ: 'ಕಾಪಾಡಿ' ಎಂದವರು ಯಾರು?
ನಾಲ್ಕು ಸಾವಿರ ಪೋಸ್ಟು.
ಅರ್ಧಕ್ಕರ್ಧ ದೇವರಿಗೇ ಬರೆದದ್ದು.

ಮತ್ತೆ ಕೇಳುತ್ತಾಳೆ ಯಂತ್ರವನ್ನು,
ಒಲೆಯ ಮುಂದೆ ಅಕ್ಕನನ್ನು ಕೇಳಿದ ಹಾಗೆ:
ಹೇಳದೆ ಹೇಳಿದವರು ಯಾರಾದರೂ ಇದ್ದಾರಾ?

ಅದು ತಂದಿಟ್ಟದ್ದು ಒಂದೇ ಸಾಲು,
ಅರ್ಧ ಊರ ಮಾತು, ಅರ್ಧ ಪೋರ್ಚುಗೀಸು:
"ನಮ್ಮ ಹೇಂಟೆ ಮಾಡು ಹತ್ತಿ ಸಂಸಾರ ಹೂಡಿದೆ,
ನಾವೀಗ ಅದರ ಮನೆಗೆ ನೆಂಟರು."
ಕೆಳಗೆ ಮೂರು ನಗುಮುಖ. ನಲವತ್ತು ಲೈಕು.

ನಲವತ್ತು ಜನ ನಕ್ಕು ಮುಂದೆ ಹೋಗಿದ್ದರು.
ಅವಳೂ ನಕ್ಕಳು; ತುಟಿ ಅಲ್ಲೇ ನಿಂತಿತು.

ದೋಣಿಯ ಅರ್ಲಿಂದೊಗೆ ಜಾಗದ ಗುರುತು ಕಳಿಸಿ
ಆಮೇಲೆ ನೋಡುತ್ತಾಳೆ ಹೊತ್ತು:
ಮೊನ್ನೆ, ಸಂಜೆ ಐದು.
ಬೆರಳು ಮಡಚಿ ತಾಸು ಎಣಿಸುತ್ತಾಳೆ.
ಬೆರಳು ಸಾಲವು.