ಕಡ್ಡಿ

ಶನಿವಾರ, ಬೆಳಿಗ್ಗೆ ಆರೂವರೆ.
ಹಿಂಗಾಲು ಮೊದಲಾಗಿ ಹುಟ್ಟುವ ಕರುಗಳಂತೆ
ಟ್ರೇಲರುಗಳಿಂದ ಇಳಿಯುತ್ತಿವೆ ಬೈಕುಗಳು,
ನಾಲ್ಕು ಗಾಲಿಯ ಗಾಡಿಗಳು. ಪೈನ್ ಕಾಡಿಗೆ ಪೆಟ್ರೋಲಿನ ವಾಸನೆ.

ನನ್ನ ಕೈಯಲ್ಲಿ ಒಂದು ತಂತಿಯ ಕಡ್ಡಿ.
ಒಂದೊಂದು ಸೈಲೆನ್ಸರಿನ ಬಾಯಿಗೂ ತೂರಿಸುತ್ತೇನೆ.
ಒಳಗೆ ಜಾಲರಿಗೆ ತಾಗಿ ಟಕ್ ಎಂದರೆ ಹೋಗಬಹುದು.
ತಾಗದೆ ಒಳಗೊಳಗೇ ಇಳಿದರೆ
ಕಿಡಿ ಹಿಡಿಯುವ ಜಾಲರಿ ಇಲ್ಲ, ಮನೆಗೆ ಹೊರಡು.
ಇಷ್ಟೇ ನನ್ನ ವಿದ್ಯೆ.

ಮೂವತ್ತೊಂದು ವರ್ಷ ಮರ ಕೊಯ್ಯುವ ಮಿಲ್ಲಿನಲ್ಲಿದ್ದೆ,
ಎಡಗೈಯ ಎರಡು ಬೆರಳು ಅಲ್ಲೇ ಬಿಟ್ಟು ಬಂದೆ.
ಮಿಲ್ಲು ಇದ್ದಲ್ಲಿ ಈಗ ಕಾಫಿ ಮಾರುತ್ತಾರೆ,
ಒಂದು ಲೋಟಕ್ಕೆ ನನ್ನ ಆಗಿನ ಅರ್ಧ ದಿನದ ಕೂಲಿ.

‘ಕಡ್ಡೀನ ಗುಡ್ಡ ಮಾಡ್ತೀಯಲ್ಲೋ ಆರ್ವಲ್’
ಅನ್ನುತ್ತಾನೆ ಡೆನ್ಜಿಲ್ ಹಫ್.
ಸದ್ದು ಚೆನ್ನಾಗಿ ಬರಲೆಂದು ಜಾಲರಿ ಕಿತ್ತೆಸೆದಿದ್ದಾನೆ.
ಅವನ ಬೆನ್ನ ಹಿಂದೆಯೇ ನಿಂತಿದೆ ಗುಡ್ಡ,
ಸುಟ್ಟ ಇಟ್ಟಿಗೆಯ ಬಣ್ಣದ್ದು, ತಲೆಯಲ್ಲಿ ಬೋಗುಣಿಯಂಥ ಕುಳಿ.
ನಾವಿಬ್ಬರೂ ನಿಂತ ನೆಲ ಅದು ಒಂದು ದಿನ ಉಗಿದದ್ದು.
ಹಿಡಿ ತುಂಬ ಎತ್ತಿದರೆ ಅರಳಿನಷ್ಟು ಹಗುರ,
ಮಳೆ ಬಂದರೂ ಕಚ್ಚಿಕೊಳ್ಳದ ಮಣ್ಣು.
ಗಾಲಿ ಉರುಳಿ ಉರುಳಿ ದಾರಿಯೆಲ್ಲ ಅಲೆ ಅಲೆ,
ಸೋಮವಾರ ನಾವು ಸರಪಳಿ ಎಳೆದು ಸಮ ಮಾಡುತ್ತೇವೆ,
ಮತ್ತೆ ಶನಿವಾರ.

ಡೆನ್ಜಿಲ್ ಬೈದ. ಬೈಯಲಿ.
ಬೈಕನ್ನು ಮತ್ತೆ ಏರಿಸಿ ಹಗ್ಗ ಬಿಗಿದ,
ಹೊರಡಲಿಲ್ಲ. ಬಾನೆಟ್ಟಿನ ಮೇಲೆ ಕೂತು ಮೊಟ್ಟೆ ಸುಲಿದು ತಿಂದ.

ಆಮೇಲೆ ಬಂದಳು ಇಟ್ಸೆಲ್, ಒಂಬತ್ತು ವರ್ಷ,
ತಲೆಗಿಂತ ದೊಡ್ಡ ಹೆಲ್ಮೆಟ್ಟು, ಹಳದಿ ಗಾಡಿ.
ಅಪ್ಪ ಎಲೆಯುತೇರಿಯೊ ಛಾವಣಿ ಹೊದಿಸುವವನು,
ಉಗುರಿನಲ್ಲಿ ಇನ್ನೂ ಡಾಂಬರು.
ಟಕ್ ಅಂತು. ‘ಏನದು?’ ಅಂದಳು.
ಕಿಡಿ ಹೊರಗೆ ಬೀಳಬಾರದು, ಕಾಡು ಒಣಗಿದೆ, ಅಂದೆ.

ಅವಳ ಮುತ್ತಜ್ಜಿಯ ಊರಿನಲ್ಲಿ, ಮೆಕ್ಸಿಕೋದಲ್ಲಿ,
ಜೋಳದ ಹೊಲದಲ್ಲಿ ಗುಡ್ಡ ಹುಟ್ಟಿತಂತೆ.
ಮೊದಲು ಸಾಲಿನ ನಡುವೆ ಒಂದು ಬಿರುಕು,
ಅಂಗೈ ಇಟ್ಟರೆ ಬಿಸಿ,
ಮರುದಿನ ಬೆಳಗಾದರೆ ಮನೆಗಿಂತ ಎತ್ತರ.
ಹೇಳಿ, ಸ್ವಲ್ಪ ಯೋಚಿಸಿ, ಕೇಳಿದಳು:
‘ಅದಕ್ಕೆ ಯಾರೂ ಕಡ್ಡಿ ಹಾಕಿ ನೋಡಲಿಲ್ವಾ?’

ನಾನು ನಗಲಿಲ್ಲ.
ಅರವತ್ತೆಂಟನೇ ಇಸವಿ, ಆಗಸ್ಟ್, ಇದೇ ಗುಡ್ಡದ ಆಚೆ ಮಗ್ಗುಲು:
ದಿಮ್ಮಿ ಎಳೆಯುತ್ತಿದ್ದೆ, ನನಗೆ ಹತ್ತೊಂಬತ್ತು.
ನನ್ನ ಟ್ರ್ಯಾಕ್ಟರಿಗೆ ಜಾಲರಿ ಇರಲಿಲ್ಲ.
ಯಾರೂ ನೋಡಲಿಲ್ಲ, ಯಾರೂ ಕೇಳಲಿಲ್ಲ.
ಬೂದಿ ಮುಚ್ಚಿದ ಕೆಂಡ ಅನ್ನುತ್ತಾರಲ್ಲ,
ಅದು ಗುಡ್ಡಕ್ಕಷ್ಟೇ ಹೇಳಿದ ಮಾತಲ್ಲ.
ಅಲ್ಲಿ ಇನ್ನೂ ಮರಗಳು ಸೊಂಟದೆತ್ತರ.

ಅವಳು ಹೋದಳು. ಎಲ್ಲರೂ ಹೋದರು.
ಮರಗಳ ಮೇಲೆ ಧೂಳು ಎದ್ದು ಹಾಗೇ ತೂಗಿತು;
ಡೆನ್ಜಿಲ್ ಹೊಗೆಯೇನೋ ಎಂದು ಒಮ್ಮೆ ಎದ್ದು ನಿಂತ.
ನಾನೂ ನಿಂತಿದ್ದೆ.

ಸಂಜೆ ಎಲ್ಲರದೂ ಒಂದೇ ಮುಖ, ಬೂದಿ ಬಳಿದದ್ದು,
ಕನ್ನಡಕ ತೆಗೆದರೆ ಮಾತ್ರ ಯಾರೆಂದು ತಿಳಿಯುತ್ತದೆ.
ಇಟ್ಸೆಲ್ ಜೇಬಿನಿಂದ ಒಂದು ಕಲ್ಲು ತೆಗೆದು
ಬೆಂಕಿಗೆಂದು ಇಟ್ಟ ನನ್ನ ನೀರಿನ ಬಕೆಟ್ಟಿಗೆ ಹಾಕಿದಳು.
ತೇಲಿತು. ‘ನೋಡು’ ಎಂದು ಓಡಿದಳು.

ಟ್ರೇಲರುಗಳ ಕೆಂಪು ದೀಪಗಳೆಲ್ಲ ಹೆದ್ದಾರಿಗೆ ಇಳಿದ ಮೇಲೆ
ಕಡ್ಡಿಯಿಂದ ಅದನ್ನು ಒತ್ತಿದೆ.
ಮುಳುಗಿತು. ಬಿಟ್ಟೆ.
ಎದ್ದಿತು. ಇನ್ನೊಮ್ಮೆ ಒತ್ತಿದೆ.