ಐದನೇ ಗಂಟು

ದೀಪಾವಳಿಯಿಂದೀಚೆ ಮಂಚದಡಿಯೇ ಕೆಂಚಿಯ ವಾಸ.
ಡಾಕ್ಟರು ಮಾತ್ರೆ ಬರೆಯಲಿಲ್ಲ,
ಮೂಗಿಗೆ ಕೆಲಸ ಕೊಡಿ ಅಂದರು.

ಹಳೇ ಟವಲಿಗೆ ಏಳು ಗಂಟು ಬಿಗಿದೆ,
ಯಾವುದೋ ಒಂದರೊಳಗೆ ಕಡಲೆಬೀಜದಷ್ಟು ರಾಗಿರೊಟ್ಟಿ.

ಪಕ್ಕದ ರೀಲಿಂಗ್ ಮನೆಯ ಬಾಣಲೆ ಕುದ್ದು
ಶಿಡ್ಲಘಟ್ಟದ ಗಾಳಿಗೆಲ್ಲ ಗೂಡು ಬೆಂದ ನಾತ;
ಒಲೆ ಮೇಲಿನ ನನ್ನ ಸಾರು ಸೀದದ್ದೂ ನನಗೆ ತಿಳಿಯಲಿಲ್ಲ.

ಮಂಚದಡಿಯಿಂದ ಮೂಗು ಬಂತು.
ಆಮೇಲೆ ಕಿವಿ.
ತುಂಬಾ ತಡೆದು, ಬಾಲ.

ಕುದಿವ ನೀರಲ್ಲಿ ನೂರುನ್ನೀಸಾ
ಗೂಡಿನ ಎಳೆಯ ತುದಿ ಹಿಡಿವ ಹಾಗೆ
ಅಷ್ಟೂ ನಾತದೊಳಗಿಂದ
ಒಂದೇ ಒಂದು ಎಳೆ ಹಿಡಿದಳು ಕೆಂಚಿ.
ಐದನೇ ಗಂಟು.

ನಡುಮನೆಯಲ್ಲೇ ಕಾಲು ಚಾಚಿ ಮಲಗಿದ್ದಾಳೆ.
ಯಾವುದೋ ಮದುವೆ ಮೆರವಣಿಗೆಯ ಪಟಾಕಿಗೆ
ಒಂದು ಕಿವಿ ಎದ್ದು, ಇಳಿಯಿತು.

ಉಳಿದ ಆರು ಗಂಟು
ನಾನಿನ್ನೂ ಹಲ್ಲಿನಲ್ಲಿ ಬಿಚ್ಚುತ್ತಾ ಇದ್ದೀನಿ.